ರಾಧಾಮಣಿ ಮೇಡಂ ಅವರ ಕಂದು ಬಾಟಲಿ

ನನ್ನ ಗಂಡ ಶ್ರೀಕಾಂತನ ತಿಥಿಕಾರ್ಯಗಳೆಲ್ಲ ಮುಗಿದು ನೆಂಟರು ಹೊರಟುಹೋದ ಮರುದಿನ ಬೆಳಿಗ್ಗೆ, ಬಾಗಲಗುಂಟೆಯಲ್ಲಿ ನಮ್ಮ ಕೆಳಗಿನ ಮನೆಯ ಸೊಣ್ಣಮ್ಮನವರು ಎಂದಿನಂತೆ ಮೆಟ್ಟಿಲ ಬುಡದಿಂದ ಕೂಗಿದರು: “ಶರ್ವಾಣಮ್ಮ, ನೀರು ಬಂದೈತೆ, ಇಡ್ಕೊಳಮ್ಮ.” ಎದ್ದು ನಲ್ಲಿಯ ಕೆಳಗೆ ಕೊಡ ಇಟ್ಟೆ. ತುಂಬಿತು. ಇನ್ನೊಂದು ಇಟ್ಟೆ. ಅಡುಗೆಮನೆಯ ಕಿಟಕಿಯಲ್ಲಿ ಕಂದು ಗಾಜಿನ ಬಾಟಲಿಯೊಂದು ಕುಳಿತಿತ್ತು. ಅದರ ಮೇಲೆ ಕೆಂಪು ತಲೆಬುರುಡೆಯ ಚಿತ್ರ, ಕೆಳಗೆ ರಾಧಾಮಣಿ ಮೇಡಂ ಅವರ ದುಂಡು ಅಕ್ಷರದಲ್ಲಿ ‘ಡೈಹೈಡ್ರೋಜನ್ ಮೊನಾಕ್ಸೈಡ್’.

ಅಭಿನಂದನ ಗ್ರಂಥದ ಲೇಖನ ಹೀಗೆ ಆರಂಭವಾಗಬಾರದೆಂದು ಬಲ್ಲೆ. ಯಲಹಂಕದ ನಮ್ಮ ಕಾಲೇಜಿನಲ್ಲಿ ಮೂರು ದಶಕಗಳಿಗೂ ಮಿಕ್ಕಿ ರಸಾಯನಶಾಸ್ತ್ರ ಬೋಧಿಸಿ, ಸೂತ್ರಗಳಿಗೆ ಹೆದರುತ್ತಿದ್ದ ಹಳ್ಳಿಯ ಮಕ್ಕಳಿಗೆ ಆ ಶಾಸ್ತ್ರವನ್ನು ಮನೆಯ ಮಾತಿನಷ್ಟು ಸಲೀಸು ಮಾಡಿಕೊಟ್ಟು, ಈ ವರ್ಷದ ಕೊನೆಗೆ ನಿವೃತ್ತರಾಗುತ್ತಿರುವ ರಾಧಾಮಣಿ ಮೇಡಂ ಅವರ ಬಗ್ಗೆ ಬರೆಯಲು ನನ್ನನ್ನು ಕೇಳಿದ್ದಾರೆ. ಆ ಬಾಟಲಿಯನ್ನು ಬಿಟ್ಟು ಬರೆಯಲು ನನಗೆ ಬರುವುದಿಲ್ಲ.

ಮೊದಲ ತರಗತಿಗೆ ಮೇಡಂ ಅದನ್ನು ಹಿಡಿದೇ ಬಂದಿದ್ದರು. ಮೇಜಿನ ಮೇಲೆ ಜೋಪಾನವಾಗಿ ಇಟ್ಟು, ಎರಡು ಹೆಜ್ಜೆ ಹಿಂದೆ ಸರಿದು ನಿಂತರು. ಇದರ ಆವಿ ತಗುಲಿದರೆ ಚರ್ಮ ಬೇಯುತ್ತದೆ, ಇದು ಕಬ್ಬಿಣವನ್ನೂ ತಿನ್ನುತ್ತದೆ, ಶ್ವಾಸಕೋಶಕ್ಕೆ ಹೋದರೆ ಸಾವು, ಈಗಾಗಲೇ ಹೆಬ್ಬಾಳ ಕೆರೆಯಲ್ಲೂ ಯಶವಂತಪುರದ ಹೋಟೆಲುಗಳ ಸಾಂಬಾರಿನಲ್ಲೂ ಸಿಕ್ಕಿದೆ ಎಂದರು. “ನಿಷೇಧಿಸಬೇಕು ಅನ್ನೋರು ಕೈ ಎತ್ತಿ.” ಎಲ್ಲರೂ ಎತ್ತಿದೆವು. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಗಾಬರಿಯಿಂದ ಎದ್ದುನಿಂತ.

“ಮೇಡಂ, ಬಾಗಲಗುಂಟೆಗೂ ಬಂದ್ಬಿಟ್ಟಿದ್ಯಾ?”

“ಬರತ್ತಲ್ಲಪ್ಪ. ವಾರಕ್ಕೆ ಎರಡು ಸಲ.”

ಹೇಳಿ, ಮುಚ್ಚಳ ತೆಗೆದು, ಗಟಗಟ ಕುಡಿದರು. ಮುಂದಿನ ಬೆಂಚಿನವರು ಕಿರುಚಿಕೊಂಡೆವು. ಬಾಟಲಿಯಲ್ಲಿದ್ದುದು ನೀರು. ಆ ಉದ್ದ ಹೆಸರೂ ನೀರಿನದೇ. “ನಾನು ಒಂದು ಸುಳ್ಳೂ ಹೇಳಿಲ್ಲ ಕಣ್ರೋ. ಹೆಸರಿಗೆ ಹೆದರ್ಬೇಡಿ. ಎಷ್ಟು, ಎಲ್ಲಿ, ಅದನ್ನ ಕೇಳಿ” ಎಂದರು. ಬಾಗಲಗುಂಟೆಯ ಹುಡುಗನೇ ಎಲ್ಲರಿಗಿಂತ ಹೆಚ್ಚು ಹೊತ್ತು ನಕ್ಕ. ಅವನೇ ಶ್ರೀಕಾಂತ್.

ಎರಡನೆಯ ವರ್ಷದಲ್ಲೇ ನನ್ನನ್ನು ಕಾಲೇಜು ಬಿಡಿಸಿ ಮದುವೆ ಮಾಡಲು ಅಪ್ಪ ಲಕ್ಕಣ್ಣ ಹೊರಟಾಗ, ಮೇಡಂ ಸ್ಕೂಟರಿನಲ್ಲಿ ರಾಜಾನುಕುಂಟೆಗೆ ಬಂದು, ನಮ್ಮ ದ್ರಾಕ್ಷಿ ತೋಟದ ಕಲ್ಲಿನ ಮೇಲೆ ಕುಳಿತರು.

“ಲಕ್ಕಣ್ಣೋರೆ, ಹುಳಿ ಇರೋವಾಗ್ಲೇ ದ್ರಾಕ್ಷಿ ಕೀಳ್ತೀರಾ?”

“ಯಾರಾನ ಕೀಳ್ತಾರಾ ಮೇಡಮ್ಮೋರೆ?”

“ಮತ್ತೆ ಮಗಳನ್ಯಾಕೆ ಕೀಳ್ತೀರಿ?”

ಮದುವೆಯ ಮಾತು ಅಲ್ಲಿಗೇ ನಿಂತಿತು. ನಾನು ಎಂಎಸ್ಸಿ ಮುಗಿಸಿದೆ. ಮುಂದೆ ಶ್ರೀಕಾಂತನನ್ನು ಮದುವೆಯಾದಾಗ ನಮ್ಮ ಎರಡೂ ಮನೆಯವರನ್ನು ಒಪ್ಪಿಸಿದವರೂ ಅವರೇ.

ಶ್ರೀಕಾಂತ್ ಜಾಲಹಳ್ಳಿಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನದ ಮೇಷ್ಟ್ರಾದ. ತನ್ನ ಮಕ್ಕಳನ್ನೂ ಹಾಗೆಯೇ ಹೆದರಿಸಬೇಕೆಂದು ಮೇಡಂ ಬಳಿ ಬಾಟಲಿ ಎರವಲು ಕೇಳಿ ತಂದ. “ಸೋಮವಾರ ತಂದಿಡ್ತೀನಿ ಮೇಡಂ” ಎಂದದ್ದಕ್ಕೆ, “ಯಾವ ವರ್ಷದ ಸೋಮವಾರ ಅಂತ್ಲೂ ಹೇಳ್ಬಿಡಪ್ಪ” ಎಂದಿದ್ದರು.

ಈ ವರ್ಷದ ಮೇ ತಿಂಗಳ ಒಂದು ಸಂಜೆ ಮಳೆಯಲ್ಲಿ, ರಜೆಯ ವಿಶೇಷ ತರಗತಿ ಮುಗಿಸಿ ಶಾಲೆಯಿಂದ ಬರುವಾಗ ರೈಲ್ವೆ ಕೆಳಸೇತುವೆಯಲ್ಲಿ ನೀರು ನಿಂತಿತ್ತು. ಸ್ವಲ್ಪವೇ ಇದೆಯೆಂದು ಬೈಕ್ ಇಳಿಸಿದ. ಎಷ್ಟು, ಎಲ್ಲಿ ಎಂದು ಕೇಳಲು ಕಲಿತವನು. ಶ್ವಾಸಕೋಶದಲ್ಲಿ ನೀರಿತ್ತೆಂದು ವೈದ್ಯರು ಹೇಳಿದರು.

ಮಣ್ಣಿಗೆ ಬಂದಿದ್ದ ಮೇಡಂ ನನ್ನ ಕೈ ಹಿಡಿದು ಹೇಳಿದ್ದು ಒಂದೇ ಮಾತು: “ಆ ಬಾಟಲಿ ತಮಾಷೆನ ಇನ್ನು ಹೇಳಲ್ಲ ಕಣೇ. ಸಾವು ಅನ್ನೋದನ್ನ ನಗ್ತಾ ನಗ್ತಾ ಹೇಗೆ ಹೇಳಿದ್ನೋ ನಾನು.” ಅದರಂತೆ ತಮ್ಮ ಕೊನೆಯ ತಂಡದ ಮೊದಲ ತರಗತಿಗೆ ಬರಿಗೈಯಲ್ಲಿ ಹೋಗಿ, ನೇರವಾಗಿ ಪಾಠ ತೆಗೆದರಂತೆ.

ನನಗೆ ಸಮಾಧಾನ ಸಿಕ್ಕಿಲ್ಲ. ಸಿಗುವುದೆಂದು ಅನ್ನಿಸುವುದೂ ಇಲ್ಲ. ಅದೇ ನೀರನ್ನು ಕುಡಿಯುತ್ತೇನೆ, ಅದರಲ್ಲೇ ಅಕ್ಕಿ ತೊಳೆಯುತ್ತೇನೆ. ಆದರೆ ಆ ತಮಾಷೆ ಹೇಳಿದಾಗಲೆಲ್ಲ ಮೇಡಂ, “ಬಾಗಲಗುಂಟೆಗೂ ಬಂದ್ಬಿಟ್ಟಿದ್ಯಾ ಅಂತ ಕೇಳಿದವನೊಬ್ಬನಿದ್ದ” ಎಂದು ಹೊಸ ಮಕ್ಕಳಿಗೆ ತಪ್ಪದೆ ಹೇಳುತ್ತಿದ್ದರು. ಮಕ್ಕಳು ನಗುತ್ತಿದ್ದರು. ಅವನು ಇನ್ನೆಲ್ಲಾದರೂ ಇರುವುದಿದ್ದರೆ ಅಲ್ಲಿ. ಅವರು ಬಾಯಿ ಮುಚ್ಚಿದರೆ ಅಲ್ಲಿಯೂ ಇಲ್ಲ.

ಗುರುಗಳಿಗೆ ದೀರ್ಘಾಯುಷ್ಯ ಕೋರಿ ಮುಗಿಸುವುದು ಕ್ರಮ. ಆಯುಷ್ಯದ ಮಾತಿನಲ್ಲಿ ನನಗೆ ನಂಬಿಕೆ ಉಳಿದಿಲ್ಲ, ಆದರೂ ಕೋರುತ್ತೇನೆ. ಮೇಡಂ ಬಹುಕಾಲ ಬಾಳಲಿ, ನಿವೃತ್ತಿಯ ನಂತರವೂ ಎಲ್ಲಾದರೂ ಒಂದು ಕರಿಹಲಗೆಯ ಮುಂದೆ ನಿಂತಿರಲಿ.

ಕಳೆದ ವಾರ ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡು ಮೆಟ್ಟಿಲಿಳಿಯುವಾಗ ಸೊಣ್ಣಮ್ಮನವರು ತಡೆದರು.

“ಏನಮ್ಮ ಅದು?”

“ಇವರು ಇಸ್ಕೊಂಡಿದ್ದು. ವಾಪಸ್ ಕೊಡ್ಬೇಕು.”

“ಕಾಲಿ ಬಾಟ್ಲು ಕೊಟ್ಟೀಯಾ? ಇಸ್ಕೊಂಡಿದ್ದನ್ನ ಕಾಲಿ ಕೊಡಬಾರ್ದು ಕಣಮ್ಮ. ಒಂಚೂರು ಸಕ್ರೆನಾದ್ರೂ ಆಕು.”

ಮತ್ತೆ ಮೇಲೆ ಹೋದೆ. ಸಕ್ಕರೆ ಡಬ್ಬಿ ತೆಗೆದು, ಮತ್ತೆ ಮುಚ್ಚಿಟ್ಟೆ.

ಕಾಲೇಜಿನಲ್ಲಿ ಮೇಡಂ ಕೈ ಚಾಚಿ ತೆಗೆದುಕೊಂಡರು. ಭಾರಕ್ಕೆ ಕೈ ತುಸು ಇಳಿಯಿತು.

“ತುಂಬಿಸಿದ್ದೀಯಲ್ಲೇ.”

“ಖಾಲಿ ಕೊಡಬಾರ್ದಂತೆ ಮೇಡಂ.”

ಅವರು ತಲೆಬುರುಡೆಯ ಮೇಲೆ ಹೆಬ್ಬೆರಳಾಡಿಸಿದರು. “ಏನು ಇದು?”

“ಬಾಗಲಗುಂಟೆದು” ಎಂದೆ. “ವಾರಕ್ಕೆ ಎರಡು ಸಲ ಬರತ್ತಲ್ಲ, ಅದು.”