ಎರಡು ಓಣಿಗೆ ಒಬ್ಬ ಉಜ್ಜಿನಪ್ಪ

ಭೈರವಾನಿತಿಪ್ಪ ಡ್ಯಾಮಿನಿಂದ ತುಸು ದೂರದ ಆ ಊರಿನಲ್ಲಿ ನೀರುಗಂಟಿ ಉಜ್ಜಿನಪ್ಪನ ಕೆಲಸ ಏನೆಂದು ಪಂಚಾಯತಿ ಕಾಗದವನ್ನು ಕೇಳಿದರೆ, ಬೋರಿನ ವಾಲ್ ತಿರುಗಿಸಿ ಓಣಿಗಳಿಗೆ ನೀರು ಬಿಡುವುದು ಎನ್ನುತ್ತದೆ. ಕಾಗದಕ್ಕೇನು ಗೊತ್ತು? ಅವನ ನಿಜವಾದ ಕೆಲಸ ಊರಿನಲ್ಲಿ ಹೆಣ ಬೀಳದಂತೆ ನೋಡಿಕೊಳ್ಳುವುದಾಗಿತ್ತು.

ಎಂಟು ವರ್ಷದ ಹಿಂದೆ ಇದೇ ವಾಲಿನ ಹತ್ತಿರ ಮೇಲಿನ ಓಣಿಯ ಗೋಪಾಲಪ್ಪ ಕೊಡಲಿ ಬೀಸಿ ಕೆಳಗಿನ ಓಣಿಯ ರಾಮಾಂಜಿಯ ಬಲಗೈಯ ಎರಡು ಬೆರಳು ಹಾರಿಸಿದ್ದ. ರಾಮಾಂಜಿಯ ಕಡೆಯವರು ಬಿಟ್ಟಾರೆಯೇ? ಅದೇ ಸಂಜೆ ಗೋಪಾಲಪ್ಪನ ತಮ್ಮನನ್ನು ಶೇಂಗಾ ಹೊಲದಲ್ಲಿ ಅಟ್ಟಾಡಿಸಿ ಹಿಡಿದು ಮೊಣಕಾಲಿನ ಮೇಲೆ ಗುಂಡುಕಲ್ಲು ಎತ್ತಿಹಾಕಿದರು. ಅವನ ಕೂಗು ಮೂರು ಹೊಲದಾಚೆ ಇದ್ದ ಉಜ್ಜಿನಪ್ಪನಿಗೆ ಕೇಳಿಸಿತ್ತು. ಅವನನ್ನು ಮಂಚದ ಮೇಲೆ ಹಾಕಿ ರಾಯದುರ್ಗದ ಆಸ್ಪತ್ರೆಗೆ ಒಯ್ದವರಲ್ಲಿ ಉಜ್ಜಿನಪ್ಪನೂ ಒಬ್ಬ.

ರಕ್ತ ಬಿದ್ದ ಎರಡು ಮನೆಯವರು ಒಂದು ಕಟ್ಟೆಗೆ ಬರುವುದಿಲ್ಲ. ಅದು ಆ ಊರಿನ ರೂಢಿ. ಮಾತು ಏನಿದ್ದರೂ ನಡುವೆ ಒಬ್ಬ ಹೊತ್ತು ತಿರುಗಬೇಕು. ವಾಲಿನ ಕೀಲಿ ಹಿಡಿದವನು ಉಜ್ಜಿನಪ್ಪನಾದ್ದರಿಂದ ಮಾತೂ ಅವನ ತಲೆಗೇ ಬಂತು.

"ಅವನ ಉಳಿದ ಬೆರಳೂ ಕಡಿತೀನಿ ಅಂತ ಹೇಳಲೇ," ಎಂದು ಗೋಪಾಲಪ್ಪ ಕಳಿಸುವನು. ಉಜ್ಜಿನಪ್ಪ ನಡುದಾರಿಯ ಹೊಂಗೆಮರದ ಕೆಳಗೆ ನಿಂತು ಒಂದು ಎಲೆಯಡಿಕೆ ಮೆಲ್ಲುವನು. ರಾಮಾಂಜಿಯ ಮನೆ ಮುಟ್ಟುವಷ್ಟರಲ್ಲಿ ಆ ಮಾತು, "ಬ್ಯಾಸಗಿ ಐತಿ, ಅರ್ಧರ್ಧ ತಾಸು ಹಂಚಿಕಳ್ಳಾಣ ಅಂದಾನ್ರಿ," ಎಂದಾಗಿರುತ್ತಿತ್ತು. ರಾಮಾಂಜಿ ಬೈದು ಕಳಿಸಿದ್ದೂ ಹಾಗೇ ಮೆತ್ತಗಾಗಿ ಮೇಲೇರುತ್ತಿತ್ತು. ಒಮ್ಮೆ ಸುಳ್ಳು ಕೈಮೀರಿತು. ರಾಮಾಂಜಿಯ ತಾಯಿ ಸತ್ತ ದಿನ ಅವನು ಕೊಡಲಿ ಹುಡುಕುತ್ತಿದ್ದ, ನೀರಿನ ಚಿಂತೆಯಲ್ಲೇ ಅವ್ವ ಹೋದಳು ಎಂದು. "ಗೋಪಾಲಪ್ಪ ಸುದ್ದಿ ಕೇಳಿ ಕಣ್ಣೀರು ಹಾಕಿದ್ರಿ," ಎಂದುಬಿಟ್ಟ ಉಜ್ಜಿನಪ್ಪ. ರಾಮಾಂಜಿ ಸುಮ್ಮನೆ ಕುಸಿದು ಕೂತ. ಈ ಕಡೆ ಗೋಪಾಲಪ್ಪನಿಗೆ, "ನಿಮ್ಮ ತಮ್ಮನ ಕಾಲಿನ ವಿಷಯದಾಗ ತಪ್ಪಾತು ಅಂದಾನ್ರಿ," ಎಂದು ಹೇಳಿದ. ಎಂಟು ವರ್ಷ ಕೊಡಲಿಗಳು ಅಟ್ಟದ ಮೇಲೆ ಉಳಿದದ್ದು ಇಂಥ ಸುಳ್ಳುಗಳಿಂದ.

ಅಷ್ಟರಲ್ಲಿ ಪಂಚಾಯತಿ ಕಾರ್ಯದರ್ಶಿಯಾಗಿ ಹೇಮಶ್ರೀ ಬಂದಳು. ರಾಯದುರ್ಗದ ಹುಡುಗಿ, ಚುರುಕು, ಲಂಚ ಮುಟ್ಟದವಳು. ಅನಂತಪುರದಲ್ಲಿ ನಾಯಕತ್ವ ಮತ್ತು ಸಂವಹನದ ಮೂರು ದಿನದ ತರಬೇತಿ ಮುಗಿಸಿ ನೀಲಿ ಫೈಲು ಎದೆಗವಚಿಕೊಂಡು ಮರಳಿದ್ದಳು.

"ಉಜ್ಜಿನಪ್ಪಾರ, ನಡುವೆ ಮನುಷ್ಯ ಇದ್ದಷ್ಟೂ ಮಾತು ಕೆಡುತ್ತಂತ್ರಿ. ಇಬ್ಬರನ್ನೂ ಎದುರುಬದುರು ಕೂಡ್ಸಾಣ. ಒಬ್ಬರು ಮಾತಾಡಬೇಕು, ಇನ್ನೊಬ್ಬರು ಕೇಳಬೇಕು. ಪೆನ್ನು ಯಾರ ಕೈಯಾಗಿರ್ತೈತೋ ಅವರದೇ ಮಾತು," ಎಂದಳು.

ಉಜ್ಜಿನಪ್ಪನ ಜೀವ ಬಾಯಿಗೆ ಬಂತು. ಬ್ಯಾಡ್ರಿ ಮೇಡಂ, ಹೆಣ ಬೀಳತಾವ, ಎನ್ನಬೇಕಿತ್ತು. ಆದರೆ ಅಧಿಕಾರಿಗಳ ಮುಂದೆ ಬೇಡ ಎನ್ನುವುದನ್ನು ಅವನಿಗೆ ಯಾವ ತರಬೇತಿಯೂ ಕಲಿಸಿರಲಿಲ್ಲ. "ಆಗ್ಲಿರಿ," ಎಂದ. ಹೆಡ್ಡ! ಆ ಒಂದು ಮಾತಿಗಾಗಿ ಅವನು ಆಮೇಲೆ ತನ್ನನ್ನು ತಾನೇ ಎಷ್ಟು ಶಪಿಸಿಕೊಂಡನೋ.

ಸೋಮವಾರ ಹನ್ನೊಂದು ಗಂಟೆಗೆ ಪಂಚಾಯತಿ ಕಚೇರಿಯಾದ ಗ್ರಾಮ ಸಚಿವಾಲಯದ ಹಾಲಿನಲ್ಲಿ ಕುರ್ಚಿಗಳನ್ನು ದುಂಡಗೆ ಹಾಕಿಸಿದಳು. ಸರ್ಕಾರದ ಮನೆಯಲ್ಲವೇ, ಅಲ್ಲಿಗೆ ಕರೆದರೆ ಕಟ್ಟೆಯ ರೂಢಿ ಅಡ್ಡ ಬರದು ಎಂದು ಇಬ್ಬರೂ ಬಂದರು. ಉಜ್ಜಿನಪ್ಪ ವಾಲಿನ ಉದ್ದ ಕಬ್ಬಿಣದ ಕೀಲಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ.

ಹೇಮಶ್ರೀ ಪೆನ್ನನ್ನು ಮೊದಲು ರಾಮಾಂಜಿಗೆ ಕೊಟ್ಟಳು. ಎರಡು ಬೆರಳಿಲ್ಲದ ಕೈಯಲ್ಲಿ ಅವನು ಅದನ್ನು ಹಿಡಿದುಕೊಂಡ. ಎಂಟು ವರ್ಷದ ಮೇಲೆ ಎದುರಾಳಿಯ ಮುಖ ನೋಡಿದವನು ಬೈಯಲಿಲ್ಲ. ಒಳ್ಳೆಯ ಮಾತನ್ನೇ ಆಡಿದ.

"ನಮ್ಮವ್ವ ಸತ್ತಾಗ ನೀ ಅತ್ತಿಯಂತ. ಅದನ್ನ ನಾ ಮರ್ತಿಲ್ಲಪ."

ಗೋಪಾಲಪ್ಪ ಹುಬ್ಬು ಗಂಟಿಕ್ಕಿದ. "ನಾನಾ? ನಾನ್ಯಾಕ ಅಳಲಿ? ಅವತ್ತು ಮನ್ಯಾಗ ಕೋಳಿ ಕೊಯ್ಸೀನಿ. ತಪ್ಪಾತು ಅಂತ ಹೇಳಿ ಕಳಿಸಿದಾವ ನೀನು!"

"ತಪ್ಪಾತು? ನಿನಗಾ? ನಾನು?"

ಇಬ್ಬರೂ ನಿಧಾನವಾಗಿ ಉಜ್ಜಿನಪ್ಪನ ಕಡೆ ತಿರುಗಿದರು. ಹೇಮಶ್ರೀ, "ಒಬ್ಬೊಬ್ಬರೇ ಮಾತಾಡ್ರಿ, ಪೆನ್ನು, ಪೆನ್ನು," ಎನ್ನುತ್ತಿದ್ದಳು.

ಗೋಪಾಲಪ್ಪ ಕೀಲಿಯನ್ನು ಕಿತ್ತುಕೊಂಡು ಅವನ ಮುಖಕ್ಕೆ ಬೀಸಿದ. ಉಜ್ಜಿನಪ್ಪನ ದವಡೆ ಲಟಕ್ಕೆಂದಿತು. ಬಾಯಿತುಂಬ ಹಲ್ಲು, ರಕ್ತ. ಕುರ್ಚಿಯಿಂದ ಉರುಳಿದವನ ಪಕ್ಕೆಗೆ ರಾಮಾಂಜಿ ಒದ್ದ. "ನಮ್ಮವ್ವನ ಹೆಣದ ಮ್ಯಾಲ ಸುಳ್ಳು ಹೇಳಿದ್ಯಲ್ಲೋ!" ಎನ್ನುತ್ತ ಒಂದೊಂದು ಮಾತಿಗೂ ಒಂದೊಂದು ಒದೆ ಕೊಟ್ಟ. ಎಂಟು ವರ್ಷದಲ್ಲಿ ಮೊದಲ ಸಲ ಆ ಇಬ್ಬರೂ ಹೆಗಲಿಗೆ ಹೆಗಲು ಕೊಟ್ಟು ಒಂದು ಕೆಲಸ ಮಾಡಿದರು. ಅವನು ಮಿಸುಕದಂತಾದ ಮೇಲೆ ಒಬ್ಬರ ಕೊರಳನ್ನು ಒಬ್ಬರು ಹಿಸುಕತೊಡಗಿದರು. ಹೊರಗೆ ಕಾದಿದ್ದ ಎರಡೂ ಓಣಿಯವರು ಕಲ್ಲು ತೂರಿದರು. ಕಿಟಕಿಗಳು ಪುಡಿಯಾದವು, ಒಬ್ಬನ ಕಣ್ಣು ಹೋಯಿತು, ಬಿಡಿಸಲು ನುಗ್ಗಿದ ಹೇಮಶ್ರೀಯ ಹಣೆ ಒಡೆಯಿತು. ಪೊಲೀಸ್ ಜೀಪು ಬರುವ ಹೊತ್ತಿಗೆ ಮೆಟ್ಟಿಲ ಮೇಲೆ ಕಾಲಿಡಲು ಒಣ ಜಾಗವಿರಲಿಲ್ಲ.

ಹನ್ನೆರಡು ದಿನಕ್ಕೆ ಉಜ್ಜಿನಪ್ಪ ದವಡೆಗೆ ತಂತಿ ಬಿಗಿಸಿಕೊಂಡು ಮನೆಗೆ ಬಂದ. ಮಾತಿಲ್ಲ, ಗಂಜಿ ಕೂಡ ಕೊಳವೆಯಲ್ಲಿ. ಆ ಇಬ್ಬರೂ ಅಷ್ಟರಲ್ಲಿ ಜಾಮೀನಿನ ಮೇಲೆ ಬಂದಿದ್ದರು. ವಾಲ್ ಮುಟ್ಟಲು ಯಾರಿಗೂ ಧೈರ್ಯವಿಲ್ಲದೆ ನಲ್ಲಿಗಳು ಒಣಗಿದ್ದವು. ನಾಳೆ ಬೆಳಗ್ಗೆ ತಾವೇ ತಿರುಗಿಸುತ್ತೇವೆಂದು ಎರಡೂ ಓಣಿಯವರು ಸಾರಿದ್ದರು. ಎರಡೂ ಕಡೆ ಕೊಡಲಿ ಮಸೆಯುವ ಸದ್ದು ಕೇಳುತ್ತಿತ್ತು. ಜಗಲಿಯ ಮೇಲೆ ಒರಗಿದ್ದ ಉಜ್ಜಿನಪ್ಪನಿಗೆ ನಾಳೆ ಬೀಳುವ ಹೆಣಗಳ ಮುಖ ಕಣ್ಣಮುಂದೆ ಬರುತ್ತಿತ್ತು. ಎದ್ದು ಓಡಬೇಕು, ಏನಾದರೂ ಹೇಳಬೇಕು. ಬಾಯಿಯೇ ಇಲ್ಲ!

ಸಂಜೆ ಹಣೆಗೆ ಪಟ್ಟಿ ಹಾಕಿಕೊಂಡ ಹೇಮಶ್ರೀ ಬಂದಳು. "ಗೋಪಾಲಪ್ಪನ ಮನೆಯಿಂದ ಬರ್ತಾ ಇದ್ದೀನಿ. ನಾಳೆ ರಾಮಾಂಜಿ ವಾಲ್ ಹತ್ತಿರ ಬಂದ್ರ ರುಂಡ ಹಾರಿಸ್ತೀನಿ ಅಂತ ಹೇಳಿ ಬಾ ಅಂದ. ನೀವು ಇಂಥಾವಕ್ಕ ಏನು ಹೇಳ್ತಿದ್ರಿ?"

ಉಜ್ಜಿನಪ್ಪನ ಹೆಂಡತಿ ಚೌಡಕ್ಕ ಹೇಳಿದಳು: "ಅವರು ಹೇಳಿದ್ದು ಬಿಟ್ಟು ಬ್ಯಾರೆ ಏನರ ಹೇಳ್ತಿದ್ದ ನೋಡ್ರಿ."

"ಸುಳ್ಳಾ?"

"ಮತ್ತೇನ್ರಿ?"

ಹೇಮಶ್ರೀ ಎದುರಿಗೇ ಇದ್ದ ರಾಮಾಂಜಿಯ ಮನೆಗೆ ನಡೆದಳು. ರಾಮಾಂಜಿ ಎದ್ದು ಕುರ್ಚಿ ಹಾಕಿಸಿದ. ಒಳಗಿನಿಂದ ಮಜ್ಜಿಗೆ ಬಂತು. ಅವಳು ತಡವರಿಸುತ್ತ ಹೇಳಿದ್ದು ಜಗಲಿಯವರೆಗೂ ಕೇಳಿಸಿತು: "ನಾಳೆ ನಿಮ್ಮ ಓಣಿಗೇ ಮೊದಲು ಬಿಡ್ಲಿ ಅಂದಾನ್ರಿ ಗೋಪಾಲಪ್ಪ. ಆದದ್ದಕ್ಕ ಬ್ಯಾಸರ ಮಾಡ್ಕೊಂಡಾನ."

ರಾಮಾಂಜಿ ಅವಳ ಮುಖವನ್ನೇ ನೋಡಿದ. "ಅವ ಹಂಗ ಅಂದಿರಾಕಿಲ್ಲ ಮೇಡಂ," ಎಂದ. "ಇರ್ಲಿ, ಅಂದಾನ ಅಂತ ತಿಳ್ಕಂತೀನಿ. ನೀವು ಓದಿದೋರು, ನಮಗಾಗಿ ಇಷ್ಟು ದೂರ ನಡ್ದು ಬಂದೀರಿ." ಒಳಗೆ ತಿರುಗಿ ಕೂಗಿದ: "ಮಸೆಯಾದು ನಿಲ್ಲಿಸ್ರಲೇ. ನಾಳೆ ವಾಲ್ ಹತ್ರ ಯಾರೂ ಹೋಗಬ್ಯಾಡ್ರಿ."

ಉಜ್ಜಿನಪ್ಪನ ಕಣ್ಣು ತುಂಬಿ ಹರಿಯಿತು. ನೋವೆಂದುಕೊಂಡು ಚೌಡಕ್ಕ ಗುಳಿಗೆ ತರಲು ಒಳಗೆ ಹೋದಳು. ಊರು ಉಳಿಯಿತೆಂಬ ಸಮಾಧಾನ ಅವನಿಗೆ ಇರಲಿಲ್ಲವೆಂದಲ್ಲ. ಆದರೆ ಎಂಟು ವರ್ಷ ಅದೇ ಅಂಗಳದಲ್ಲಿ ಚಪ್ಪಲಿ ಬಿಟ್ಟು, ನಿಂತುಕೊಂಡೇ ಇದೇ ಸುಳ್ಳು ಹೇಳಿದವನು ಅವನು. ಒಂದು ದಿನವೂ ಯಾರೂ ಅವನಿಗೆ ಕೂತ್ಕೋ ಅಂದಿರಲಿಲ್ಲ.