ಬೋರಲಿಂಗಯ್ಯನವರ ಕಣ್ಣು

ರಾಮನಗರದ ರೇಷ್ಮೆಗೂಡಿನ ಮಾರ್ಕೆಟ್ಟಿನ ಹಿಂದೆ ಸ್ಟುಡಿಯೋ ಇಟ್ಟಿದ್ದ ನಟರಾಜು ಸತ್ತವರ ಫೋಟೊ ತೆಗೆಯುವುದರಲ್ಲಿ ಎಷ್ಟು ಹೆಸರುವಾಸಿ ಎಂದರೆ, ಅವನು ಬೀದಿಗಿಳಿದನೆಂದು ಗೊತ್ತಾದರೆ ಹಾಸಿಗೆ ಹಿಡಿದ ಮುದುಕರೂ ಎದ್ದು ಕೂತು ಮುದ್ದೆ ಕೇಳುತ್ತಿದ್ದರು. ಹೆಣವನ್ನು ಕುರ್ಚಿಯಲ್ಲಿ ಕೂರಿಸಿ, ಹಾರ ಹಾಕಿ ಇಟ್ಟಿದ್ದರೆ, ಇವನು ಎದುರು ನಿಂತು ಮದುವೆಮನೆಯ ಅಭ್ಯಾಸ ಬಿಡಲಾರದೆ, “ಒಸಿ ಇಲ್ಲಿ ನೋಡಿ” ಅನ್ನುತ್ತಿದ್ದ. ಆಮೇಲೆ ಸ್ಟುಡಿಯೋದಲ್ಲಿ ಮುಚ್ಚಿದ ರೆಪ್ಪೆಗಳ ಮೇಲೆ ಸಣ್ಣ ಕುಂಚದಿಂದ ಕಣ್ಣು ಬರೆಯುತ್ತಿದ್ದ. ಬರೆದ ಕಣ್ಣೆಲ್ಲ ಹೇಗೋ ನಟರಾಜುವಿನ ಕಣ್ಣಿನಂತೆಯೇ ಆಗಿಬಿಡುತ್ತಿದ್ದವು. ಜಿಲ್ಲೆಯ ಅರ್ಧ ಗೋಡೆಗಳಿಂದ ಅವನನ್ನು ಅವನೇ ನೋಡುತ್ತಿದ್ದ.

ಅಪ್ಪನಿಂದ ಅವನಿಗೆ ಬಂದದ್ದು ಒಂದು ಹಳೇ ಕ್ಯಾಮೆರಾ, ಒಂದು ಕಟ್ಟಳೆ. ಆ ಕ್ಯಾಮೆರಾದಲ್ಲಿ ಪ್ರತಿ ಪಟಕ್ಕೂ ಕೈಯಾರೆ ರೀಲು ತಿರುಗಿಸಬೇಕು. ಮರೆತು ಒತ್ತಿದರೆ ಒಂದರ ಮೇಲೊಂದು ಪಟ ಕೂತುಬಿಡುತ್ತದೆ. ಕಟ್ಟಳೆಯೋ, ಸತ್ತವರನ್ನು ಒಂದೇ ಸಲ ಒತ್ತಬೇಕು, ಆ ಊರಿನ ಗಡಿಕಲ್ಲು ದಾಟುವ ತನಕ ರೀಲು ತಿರುಗಿಸಬಾರದು. ತಿರುಗಿಸಿದರೆ ಜೀವವೂ ಜೊತೆಗೆ ಸುತ್ತಿಕೊಂಡು ಬರುತ್ತದಂತೆ.

ಬಿಡದಿಯ ಸುತ್ತ ಫ್ಯಾಕ್ಟರಿಗಳೆದ್ದು, ರಸ್ತೆಗಳು ಅಗಲವಾಗಿ, ಬೈಕಿನಲ್ಲಿ ಇಬ್ಬಿಬ್ಬರು ಬಂದು ಸರ, ಬ್ಯಾಗು ಕಿತ್ತುಕೊಂಡು ಹೋಗುವ ಕಾಲ ಬಂತು. ಪಕ್ಕದ ಸೈಕಲ್ ಶಾಪಿನ ನಜೀರ್ ಗೆಳೆಯನಿಗೆ ಪಾಠ ಹೇಳಿದ.

“ಲೇ ನಟರಾಜು, ಕ್ಯಾಮೆರಾ ಹೆಗಲಿಗೆ ನೇತಾಕ್ಕಂಡು ಓಡಾಡ್‌ಬ್ಯಾಡ ಕಣ್ಲಾ. ಪಟ್ಟಿ ಕೈಗೆ ಎರಡು ಸುತ್ತು ಸುತ್ಕೋ, ಕ್ಯಾಮೆರಾ ಶರ್ಟ್ ಒಳಕ್ಕೆ ಬುಟ್ಕೋ. ಎದುರುಗಡೆ ಗಾಡಿ ಕಾಣಂಗೆ, ಗೋಡೆ ಕಡೀಕೆ ನಡಿ.”

“ಶರ್ಟ್ ಒಳಕ್ಕೆ ಬುಟ್ಕಂಡ್ರೆ ಬಸ್ರಿ ಅಂತಾರೆ ಕಣ್ಲಾ.”

“ಅನ್ಲಿ ಬುಡು, ಬಸ್ಸಲ್ಲಿ ಸೀಟಾದ್ರೂ ಸಿಗ್ತದೆ.”

ಆ ವರ್ಷವೇ ಬೈರಮಂಗಲದಿಂದ ಕರೆ ಬಂತು. ಅಲ್ಲಿನ ಹಿರಿಯರು ಬೋರಲಿಂಗಯ್ಯನವರು ತೀರಿಕೊಂಡಿದ್ದರು. ನಟರಾಜು ಒಂದೇ ಸಲ ಒತ್ತಿದ. ಹೊರಡುವಾಗ ಬೋರಲಿಂಗಯ್ಯನವರ ಹೆಂಡತಿ ದೊಡ್ಡಲಕ್ಷ್ಮಮ್ಮ ಅವನ ಕೈ ಹಿಡಿದುಕೊಂಡರು.

“ಪಟ ತೆಗೆಸ್ಕಂಡ್ರೆ ಆಯಸ್ಸು ಕಮ್ಮಿಯಾಯ್ತದೆ ಅಂತ ಬದುಕಿರಗಂಟ ಒಂದೂ ತೆಗೆಸ್ಕಳ್ಳಿಲ್ಲ ಕಣಪ್ಪಾ. ಇರಾದು ಇದೊಂದೇಯ. ನಂಗೂ ವಯಸ್ಸಾಯ್ತು, ಮೊಕ ಮರ್ತೋದ್ರೆ ಏನ್ ಮಾಡ್ಲಿ? ಜ್ವಾಪಾನವಾಗಿ ತಗಂಡೋಗು.”

ಬಸ್ಸು ಬರಲಿಲ್ಲ. ನಟರಾಜು ಪಟ್ಟಿಯನ್ನು ಕೈಗೆ ಸುತ್ತಿ, ಕ್ಯಾಮೆರಾವನ್ನು ಶರ್ಟಿನೊಳಗೆ ಇಳಿಬಿಟ್ಟು, ಬಿಡದಿ ಕಡೆಗೆ ನಡೆದ. ಗಡಿಕಲ್ಲು ಸಿಕ್ಕರೆ ರೀಲು ತಿರುಗಿಸಬಹುದು. ಆದರೆ ರಸ್ತೆ ಅಗಲ ಮಾಡುವವರು ಕಲ್ಲನ್ನೇ ಕಿತ್ತೆಸೆದಿದ್ದರು. ನಡೆದಷ್ಟೂ ಬೈರಮಂಗಲ ಮುಗಿಯಲೇ ಇಲ್ಲ. ಹೊಟ್ಟೆಯ ಮೇಲಿನ ಕ್ಯಾಮೆರಾ, ಒಳಗೆ ಮುದುಕರೊಬ್ಬರು ಕುರ್ಚಿ ಸಮೇತ ಕೂತಹಾಗೆ, ಭಾರವಾಗುತ್ತ ಬಂತು. ಹಿಂದೆ ಯಾರೋ ಚಪ್ಪಲಿ ಎಳೆದುಕೊಂಡು ಬರುತ್ತಿದ್ದರು. ಅವನು ನಿಂತರೆ ಆ ಸದ್ದೂ ನಿಲ್ಲುತ್ತಿತ್ತು.

ನಜೀರ್ ಹೇಳಿದ ಪಾಠವನ್ನು ಕಳ್ಳರು ಕೇಳಿರಲಿಲ್ಲ. ರಾಂಗ್ ಸೈಡಿನಲ್ಲಿ ಹಿಂದಿನಿಂದ ಬಂದರು. ಬೈಕಿನ ಹಿಂದೆ ಕೂತವನು ಶರ್ಟಿನಿಂದ ಇಣುಕಿದ ಪಟ್ಟಿಗೆ ಕೈ ಹಾಕಿ ಜಗ್ಗಿದ. ಶರ್ಟಿನ ಗುಂಡಿಗಳು ಹುರಿದ ಕಡಲೆಯಂತೆ ಸಿಡಿದು ಕ್ಯಾಮೆರಾ ಆಚೆ ಬಂತು. ಕೈಗೆ ಸುತ್ತಿದ ಪಟ್ಟಿ ಮಾತ್ರ ಬಿಡಲಿಲ್ಲ. ನಟರಾಜುವನ್ನು ಎಷ್ಟು ದೂರ ಎಳೆದರೆಂದರೆ, ಅವನ ಚಪ್ಪಲಿ ಸವೆದು ಬರೀ ಉಂಗುಷ್ಠ ಉಳಿಯಿತು. ಕಳ್ಳಾ ಎಂದು ಕೂಗಬೇಕಿದ್ದ ಬಾಯಿಂದ ಗಾಬರಿಗೆ ಬಂದದ್ದು ಬೇರೆಯೇ ಮಾತು.

“ಬೋರಲಿಂಗಯ್ನೋರೆ, ಒಸಿ ಇಲ್ಲಿ ನೋಡಿ!”

ಕಳ್ಳ ತಿರುಗಿದ. ಅವನು ನೋಡಿದ್ದು ನಟರಾಜುವನ್ನಲ್ಲ, ನಟರಾಜುವಿನ ಹೆಗಲಾಚೆಗೆ. ಅವನ ಕಣ್ಣು ತಟ್ಟೆಯಗಲ ಆದವು. ನಟರಾಜುವಿನ ಬೆರಳು ತಾನಾಗಿ ಕ್ಯಾಮೆರಾದ ಗುಂಡಿ ಒತ್ತಿತು. ಕಳ್ಳ ಪಟ್ಟಿ ಬಿಟ್ಟ. ಬೈಕು ಓಡಿತು. ನಟರಾಜು ತಿರುಗಿ ನೋಡಲಿಲ್ಲ.

ಕತ್ತಲೆ ಕೋಣೆಯಲ್ಲಿ ಕಾಗದದ ಮೇಲೆ ಪಟ ಮೂಡಿದಾಗ ಅವನು ಅದನ್ನು ಕೆಂಪು ದೀಪದ ಹತ್ತಿರಕ್ಕೆ ಹಿಡಿದ. ರೀಲು ತಿರುಗಿಸದೆ ಒತ್ತಿದ್ದ. ಕಳ್ಳನ ಪಟ ಬೋರಲಿಂಗಯ್ಯನವರ ಮೇಲೇ ಬಿದ್ದಿತ್ತು. ಬೈಕು, ರಸ್ತೆ ಎಲ್ಲ ಹೊಗೆಯಂತೆ ಕಲಸಿಹೋಗಿದ್ದವು. ಮುದುಕರ ಮುಚ್ಚಿದ ರೆಪ್ಪೆಗಳ ಜಾಗದಲ್ಲಿ ಮಾತ್ರ ಕಳ್ಳನ ಎರಡು ಕಣ್ಣು ಅಳತೆ ತೆಗೆದು ಕೂರಿಸಿದಂತೆ ಕೂತಿದ್ದವು. ಇನ್ನೊಂದು ಪಟ ತೆಗೆಯೋಣವೆಂದರೆ ಮುದುಕರು ಮಣ್ಣು ಸೇರಿದ್ದರು. ಕುಂಚ ಮುಟ್ಟುವ ಧೈರ್ಯ ಅವನಿಗಾಗಲಿಲ್ಲ. ಹಾಗೇ ಕಟ್ಟು ಹಾಕಿಸಿ ಬೈರಮಂಗಲಕ್ಕೆ ಒಯ್ದ.

ದೊಡ್ಡಲಕ್ಷ್ಮಮ್ಮ ಪಟವನ್ನು ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ಬೈಯುತ್ತಾರೆಂದು ಕಾದು ನಟರಾಜು ಸ್ಟೂಲಿನ ತುದಿಯಲ್ಲಿ ಕೂತಿದ್ದ.

“ಕಣ್ ಬುಟ್ಟವ್ರೆ,” ಎಂದರು ಅವರು, ಗಾಜಿನ ಮೇಲೆ ಬೆರಳಾಡಿಸುತ್ತ. “ಇವ್ರೇ ಕಣಪ್ಪಾ, ಮೊಕ ಇವ್ರದ್ದೇಯ. ಆದ್ರೆ ಯಾಕಿಂಗೆ ಹೆದ್ರಿ ನೋಡ್ತಾವ್ರೆ? ಪಟ ತೆಗ್ಯಾಗ ನಿನ್ ಹಿಂದ್ಗಡೆ ಯಾರ್ ನಿಂತಿದ್ರು?”

“ಯಾರೂ ಇರ್ಲಿಲ್ಲ ಕಣವ್ವಾ,” ಎಂದ ನಟರಾಜು, ಬೆನ್ನು ಗೋಡೆಗೆ ತಾಗುವ ತನಕ ಸ್ಟೂಲನ್ನು ಹಿಂದಕ್ಕೆ ಎಳೆದುಕೊಳ್ಳುತ್ತ.