ಮಗಳ ಕಿವಿಯೋಲೆ

ತೆರಕಣಾಂಬಿಯ ಚಿಕ್ಕಮಾದು ಕಳ್ಳನೆಂದು ಊರಿಗೆಲ್ಲ ಗೊತ್ತಿತ್ತು. ಆದರೂ ಎದುರಿಗೆ ಸಿಕ್ಕರೆ ಎಲೆಯಡಿಕೆ ಕೊಟ್ಟು ಮಾತಾಡಿಸುತ್ತಿದ್ದರು. ಸ್ವಂತ ಊರಲ್ಲಿ ಒಂದು ಸೌತೆಕಾಯನ್ನೂ ಮುಟ್ಟಿದವನಲ್ಲ, ಅಷ್ಟು ಮರ್ಯಾದಸ್ಥ. ಆ ಮರ್ಯಾದೆಗಿಷ್ಟು ಬೆಂಕಿ ಹಾಕ. ಅವನು ಜೈಲಿನಲ್ಲಿದ್ದಾಗ ಹೆಂಡತಿ ಜ್ವರ ಬಂದು, ಬಾಯಿಗೆ ನೀರು ಬಿಡುವವರಿಲ್ಲದೆ ಒಂಟಿಯಾಗಿ ಸತ್ತಳು. ಮಾರನೆಯ ದಿನ ಪಕ್ಕದ ಮನೆಯವರು ಬಾಗಿಲು ತಳ್ಳಿ ನೋಡಿದರು.

ಆಮೇಲೆ ಮಗಳು ಪುಟ್ಟಸಿದ್ದಮ್ಮ ತನ್ನ ಚಿನ್ನದ ಓಲೆ ಮಾರಿ, ವಕೀಲರನ್ನು ಹಿಡಿದು ಅಪ್ಪನನ್ನು ಬಿಡಿಸಿದಳು. ಗುಂಡ್ಲುಪೇಟೆಯ ತನ್ನ ಮನೆಯಲ್ಲೇ ಇಟ್ಟುಕೊಂಡಳು.

"ಇನ್ನೊಂದ್ಸಲ ಆ ಕೆಲ್ಸಕ್ಕೆ ಓದ್ರೆ ಈ ಮನೆ ಒಸ್ಲು ತುಳೀಬೇಡ ಕಣಪ್ಪ," ಅಂದಳು.

ಮುದುಕ ತಲೆಯಾಡಿಸಿದ. ಆದರೆ ಮುದ್ದೆ ಇಕ್ಕಲು ಅವಳು ಬಗ್ಗಿದಾಗಲೆಲ್ಲ ಆ ಕಿವಿ ಕಾಣುತ್ತಿತ್ತು. ಓಲೆಯ ತೂತಿಗೆ ಪೊರಕೆ ಕಡ್ಡಿ ಸಿಕ್ಕಿಸಿಕೊಂಡಿದ್ದಳು. ಅವನು ತಟ್ಟೆಯನ್ನು ಅರ್ಧಕ್ಕೇ ಸರಿಸಿ ಏಳುತ್ತಿದ್ದ. ಒಂದು ಜೊತೆ ಓಲೆ, ಅದೊಂದೇ, ಆಮೇಲೆ ಬಿಟ್ಟುಬಿಡುತ್ತೇನೆ ಅಂದುಕೊಂಡ.

ಕಣ್ಣಿಗೆ ಪೊರೆ ಬಂದಿದ್ದರಿಂದ ರಾತ್ರಿಯ ಕೆಲಸ ಅವನ ಕೈಲಾಗದು. ಐವತ್ತಾರನೆಯ ಇಸವಿ, ರಾಗಿ ಕುಯ್ಲು. ಜನವೆಲ್ಲ ಹೊಲದಲ್ಲಿದ್ದ ಹೊತ್ತು ನೋಡಿ ಭೀಮನಬೀಡಿನ ಮರಿಮಲ್ಲಪ್ಪನ ಮನೆಗೆ ಹಿತ್ತಿಲಿಂದ ನುಗ್ಗಿದ. ಪೆಟ್ಟಿಗೆ ತೆರೆದು ಓಲೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡದ್ದೂ ಆಯಿತು. ಆಗ ನಡುಮನೆಯಿಂದ "ನೀರು" ಅಂತ ಕೇಳಿಸಿತು. ಮರಿಮಲ್ಲಪ್ಪನ ತಾಯಿ ಮಲ್ಲಾಜಮ್ಮ ಚಾಪೆಯ ಮೇಲೆ ಒಬ್ಬಳೇ ಮೇಲುಸಿರು ಬಿಡುತ್ತಿದ್ದಳು.

ಓಡಬೇಕಿತ್ತು ಮುದುಕ. ಓಡಲಿಲ್ಲ. ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನೀರು ಬಿಟ್ಟ. ಎರಡು ಗುಟುಕು ಇಳಿಯಿತು, ಮೂರನೆಯದು ಕಟವಾಯಿಯಲ್ಲಿ ಹರಿದುಹೋಯಿತು. ಗೂಡಿನಲ್ಲಿದ್ದ ವಿಭೂತಿಯನ್ನು ಹಣೆಗೆ ಬಳಿದ, ತಲೆದೆಸೆಯಲ್ಲಿ ದೀಪ ಹಚ್ಚಿದ. ಹೆಣವನ್ನು ಒಂಟಿ ಬಿಟ್ಟು ಹೋಗುವಂತಿಲ್ಲವೆಂದು ಗೋಡೆಗೊರಗಿ ಕೂತ. ಮನೆಯವರು ಹೊಲದಿಂದ ಬರುವವರೆಗೂ ಕೂತೇ ಇದ್ದ. ಓಲೆಯನ್ನು ತಿರುಗಿ ಪೆಟ್ಟಿಗೆಗೆ ಹಾಕುವುದು ಅವನಿಗೆ ನೆನಪೇ ಆಗಿರಲಿಲ್ಲ. ಇಂಥ ದಡ್ಡ ಕಳ್ಳನನ್ನು ನಾನು ಬೇರೆ ಕಾಣೆ.

ಚಾಮರಾಜನಗರದ ಕೋರ್ಟಿನಲ್ಲಿ ಸಜೆಯಾಯಿತು. ಮಗಳು ಬರುವುದಿಲ್ಲವೆಂದೇ ತಿಳಿದಿದ್ದ. ಅವಳು ಹೊರಗೆ ಹುಣಸೆಮರದಡಿ ನಿಂತಿದ್ದಳು.

"ನಿನ್ನೊಸ್ಲು ತುಳಿಯಕಿಲ್ಲ ಬುಡವ್ವ," ಅಂದ.

"ಆ ಅಜ್ಜಿ ತಾವ ಯಾಕಪ್ಪ ಕುಂತಿದ್ದೆ?"

"ನಿಮ್ಮವ್ವನ ತಾವ ಕುಂತ್ಕಳಕಾಗ್ನಿಲ್ವಲ್ಲ, ಅದ್ಕೇಯ."

ಪುಟ್ಟಸಿದ್ದಮ್ಮ ಸೆರಗಿನಿಂದ ಅವನ ಮುಖ ಒರೆಸಿದಳು. "ಬುಟ್ಮೇಲೆ ಸೀದಾ ಮನೆಗೇ ಬಾ ಕಣಪ್ಪ," ಅಂದಳು.

ಅವನು ಬರಲಿಲ್ಲ. ಮುಂದಿನ ಮಾಗಿ ಚಳಿಗೆ ಜೈಲಿನಲ್ಲೇ ಸತ್ತ. ಪಕ್ಕದಲ್ಲಿ ಯಾರಾದರೂ ಇದ್ದರೋ, ಬಾಯಿಗೆ ನೀರು ಬಿಟ್ಟರೋ ಅಂತ ಅಲ್ಲಿಂದ ಬಿಡುಗಡೆಯಾಗಿ ಬಂದವರನ್ನೆಲ್ಲ ಮಗಳು ಕೇಳುತ್ತಲೇ ಇದ್ದಳು.